ನೀರಿನ ಹೊತ್ತಿನ ಜಾಝ್

ಕೆಲಸ ಮಾಡಿ ದಣಿದವರನ್ನು ನೀವು ನೋಡಿರಬಹುದು. ತನ್ನ ಕೆಲಸ ಏನೆಂದು ವಿವರಿಸಿಯೇ ದಣಿದವನು ನಾನು. ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಸ್ಯಾಕ್ಸೋಫೋನಿನಲ್ಲಿ ಜಾಝ್ ನುಡಿಸುತ್ತ ತಲೆ ಬೆಳ್ಳಗಾಯಿತು. ಹೊರದೇಶದ ಹೆಸರಾಂತ ವಾದಕರು ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನುಡಿಸಿದ್ದುಂಟು, ಬೆನ್ನು ತಟ್ಟಿದ್ದುಂಟು. ಆದರೆ ಉಡುಪಿ ಕಡೆಯ ನಮ್ಮವರಿಗೆ ಸ್ಯಾಕ್ಸೋಫೋನ್ ಎಂದರೆ ಮದುವೆ ಮನೆಯ ವಾದ್ಯ. ಒಮ್ಮೆ ಊರಿನಿಂದ ಬಂದ ಸೋದರಮಾವನನ್ನು ಹೋಟೆಲಿಗೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದೆ. ಆ ದಿನ ಬಹಳ ಚೆನ್ನಾಗಿ ನುಡಿಸಿದೆನೆಂದು ಈಗಲೂ ನನ್ನ ನಂಬಿಕೆ. ಹೊರಗೆ ಬಂದ ಮೇಲೆ ಮಾವ, "ಎಂತ ಮಾರಾಯ, ಶುರು ಮಾಡಿದ ಪದ ಮರೆತುಹೋಯ್ತಾ? ಇಡೀ ಊರು ಸುತ್ತಿ ಬಂದೆಯಲ್ಲ!" ಎಂದರು. ಜಾಝ್ ಎಂದರೆ ಹಾಗೆ ಹಾಡು ಬಿಟ್ಟು ಅಲೆದು ಮತ್ತೆ ಹಾಡಿಗೆ ಮರಳುವುದೇ ಎಂದು ವಿವರಿಸಿ ಮುಗಿಸುವಷ್ಟರಲ್ಲಿ ರೈಲು ನಮ್ಮ ಮನೆಯಿರುವ ಡೊಂಬಿವಲಿಗೆ ಬಂದಿತ್ತು.

ಈಚೆಗೆ ಹೋಟೆಲಿನವರು ನಮ್ಮ ತಂಡವನ್ನೇ ಕೈಬಿಟ್ಟು ಕೀಬೋರ್ಡಿನವನೊಬ್ಬನನ್ನು ಇಟ್ಟುಕೊಂಡರು. ಗುಂಡಿ ಒತ್ತಿದರೆ ಡ್ರಮ್ಮೂ ಬರುತ್ತದೆ, ಸ್ಯಾಕ್ಸೋಫೋನೂ ಬರುತ್ತದೆ. ಊಟ ಮಾತ್ರ ಒಬ್ಬನದು. ನಿಜ ಹೇಳಬೇಕೆಂದರೆ ನನಗೆ ಅಳು ಬಂತು. ಬೆಳಗಿನ ಅಭ್ಯಾಸವನ್ನೂ ನಿಲ್ಲಿಸಿ ವಾದ್ಯವನ್ನು ಮಂಚದ ಕೆಳಗೆ ತಳ್ಳಿದೆ. "ಯಾರಾದರೂ ಕೇಳಿದರೆ ಕೊಟ್ಟುಬಿಡುತ್ತೇನೆ" ಎಂದು ಹೆಂಡತಿಗೆ ಹೇಳಿದೆ. "ಕೊಡಿ, ಧೂಳು ಒರೆಸುವುದಾದರೂ ತಪ್ಪುತ್ತದೆ" ಎಂದಳು.

ನಮ್ಮ ಕಟ್ಟಡಕ್ಕೆ ನೀರು ಬರುವುದು ಬೆಳಕು ಹರಿಯುವ ಮುಂಚೆ. ಯಾವ ಹೊತ್ತಿಗೆ ಎಂಬುದು ನೀರಿಗೇ ಗೊತ್ತು. ನೆಲಮಹಡಿಯ ನಮ್ಮ ನಲ್ಲಿ ಎಲ್ಲರಿಗಿಂತ ಮೊದಲು ಗೊರಗುಟ್ಟುತ್ತದೆ. ಹೆಂಡತಿ ಎದ್ದು ಬಕೆಟ್ ಇಟ್ಟೊಡನೆ, ನೀರಿನ ಗದ್ದಲದಲ್ಲಿ ಯಾರಿಗೂ ತೊಂದರೆಯಾಗದೆಂದು ನಾನು ಊದಲು ಕೂರುತ್ತಿದ್ದೆ. ಅದನ್ನು ಬಿಟ್ಟ ನಾಲ್ಕೈದು ದಿನಕ್ಕೆ ಮೂರನೇ ಮಹಡಿಯ ಮಲ್ಲಪ್ಪ ಮೇಲಿನ ಮನೆಯವರನ್ನೆಲ್ಲ ಕಟ್ಟಿಕೊಂಡು ಬಾಗಿಲಿಗೆ ಬಂದ. ವಿಜಾಪುರದ ಕಡೆಯವನು, ಕಲ್ಯಾಣದಲ್ಲಿ ಲಾರಿಗೆ ಮಾಲು ತುಂಬುವ ಕೆಲಸ.

"ಅಣ್ಣಾರ, ಊದೂದ ಯಾಕ ಬಿಟ್ಟೀರಿ? ಪೂರಾ ಬಿಲ್ಡಿಂಗ್ ಪರೇಶಾನ್ ಆಗೇದ್ರಿ."

ನನ್ನ ಕಣ್ಣು ತುಂಬಿತು. "ಎಂಥದ್ದು ಊದಲಿ ಹೇಳಿ, ನಿಧಾನದ್ದೋ, ಜೋರಿನದ್ದೋ?" ಎಂದೆ.

"ಯಾವುದಾರ ಊದ್ರಿ, ಮೂರನೇ ಮಾಳಿಗಿತನಕ ಕೇಳಬೇಕು. ನೀವು ಊದಿದ್ರ ನೀರು ಬಂತು ಅಂತ ಏಳತಿದ್ವಿ. ಈಗ ಎದ್ದು ನೋಡೂದ್ರಾಗ ನಲ್ಲಿ ಒಣಗಿರತದ."

ಒಳಗೆ ಹೆಂಡತಿ ನಗುವುದು ಕೇಳಿಸಿತು. ಅವಮಾನವಾಯಿತೇ ಎಂದರೆ ಆಯಿತು. ಆದರೂ ನೀನು ಬೇಕು ಎಂದು ಈಚೆಗೆ ನನ್ನ ಬಾಗಿಲಿಗೆ ಬಂದವರು ಇವರು ಮಾತ್ರ. ಮಾರನೆಯ ಬೆಳಿಗ್ಗೆ ವಾದ್ಯವನ್ನು ಮಂಚದ ಕೆಳಗಿನಿಂದ ಎಳೆದೆ.

ಮೊನ್ನೆ ಸಂಜೆ ಯಾಕೋ ಮನಸ್ಸು ಹಗುರವಾಗಿತ್ತು. ಇದು ನನಗಾಗಿಯೇ ಎಂದುಕೊಂಡು ಕಿಟಕಿ ತೆರೆದು ಊದತೊಡಗಿದೆ. ವಾದನ ಇನ್ನೂ ರಂಗೇರಿರಲಿಲ್ಲ, ಮೇಲಿನ ಮಹಡಿಗಳಲ್ಲೆಲ್ಲ ಬಕೆಟ್ಟುಗಳು ಉರುಳಿದವು, ಬಾಗಿಲುಗಳು ಬಡಿದುಕೊಂಡವು. ಮಲ್ಲಪ್ಪ ಖಾಲಿ ಕೊಡ ಹಿಡಿದೇ ಇಳಿದು ಬಂದ.

"ಅಣ್ಣಾರ, ನೀರಿಲ್ಲದಾಗ ಸುಳ್ಳ ಯಾಕ ಊದತೀರಿ?"

ತಪ್ಪಾಯಿತು ಎಂದೆ. ಇಷ್ಟು ವರ್ಷ ನುಡಿಸಿದ್ದೇನೆ, ಕೂತ ಜನರನ್ನು ಹೀಗೆ ಒಟ್ಟಿಗೆ ಎಬ್ಬಿಸಿ ನಿಲ್ಲಿಸಿದ್ದು ಮಾತ್ರ ನೆನಪಿಲ್ಲ.