ಹಿಂಗಾವಲಿನ ಹಿಂದೆ

ಓಡಲು ಬಾರದವನೇ ಓಟವನ್ನು ಚೆನ್ನಾಗಿ ನಡೆಸಬಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಓಡುವವನಿಗೆ ತನ್ನ ಉಸಿರಿನದೇ ಚಿಂತೆ. ಉಳಿದವರ ಚಿಂತೆ ಮಾಡಲು ಒಬ್ಬ ಬಿಡುವಾದವನು ಬೇಕಲ್ಲ? ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಬೇರೆಯವರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕಿ ನಿವೃತ್ತನಾದವನು ನಾನು. ಆಮೇಲೆ ಅದೇ ಕೆಲಸವನ್ನು ಅಡುಗೆಮನೆಯಲ್ಲಿ ಮುಂದುವರಿಸಿದೆ. ಮೂರನೆಯ ವಾರಕ್ಕೆ ಹೆಂಡತಿ, "ಹೊರಗ ಏನಾರ ಹಚ್ಚಿಕೊಳ್ರಿ, ನಿಮಗ ಪುಣ್ಯಾ ಬರ್ತದ" ಎಂದು ಕೈಮುಗಿದಳು. ಅದೇ ಹೊತ್ತಿಗೆ ನಾವಿರುವ ಬಡಾವಣೆ ಬಿಬವೇವಾಡಿಯ ಕನ್ನಡದ ಗೆಳೆಯರಿಗೆ ಹತ್ತಿರದ ಗುಡ್ಡದ ಕಾಲುದಾರಿಯಲ್ಲಿ ಆರು ಕಿಲೋಮೀಟರಿನ ಓಟ ನಡೆಸುವ ಹುಕಿ ಬಂದಿತ್ತು. ನಾನು ಒಂದು ಸೀಟಿ ಕೊಂಡು ಕೊರಳಿಗೆ ಹಾಕಿಕೊಂಡೆ. ಮುಖ್ಯಸ್ಥನಾಗಲು ಅಷ್ಟು ಸಾಕಾಯಿತು.

ಎರಡು ಪುಟ ನಿಯಮ ಬರೆದೆ. ದಾರಿ ಕವಲೊಡೆಯುವಲ್ಲೆಲ್ಲ ಗಿಡಕ್ಕೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಬೇಕು. ಪಟ್ಟಿಗೆ ಹೆಂಡತಿಯ ಹಳೆಯ ಸೀರೆ ಹರಿದೆ. ಅದು ಹಳೆಯದಲ್ಲವೆಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಎಂಟೂವರೆಗೆ ಓಟ ಮುಗಿಯುವ ಗೆರೆ ಮುಚ್ಚುತ್ತದೆ, ತಡವಾದವರಿಗೆ ಪದಕವಿಲ್ಲ. ಎಲ್ಲರಿಗಿಂತ ಕಡೆಗೆ ಒಬ್ಬ ಹಿಂಗಾವಲಿನವನು ನಡೆಯಬೇಕು. ಕೊನೆಯ ಓಟಗಾರನ ಕೈಬಿಡದೆ, ಗುಡ್ಡದ ಮೇಲೆ ಕಸ ಉಳಿಯದಂತೆ ಪಟ್ಟಿಗಳನ್ನು ಬಿಚ್ಚುತ್ತ ಬರಬೇಕು. ಓಡುವ ಕೆಲಸವಲ್ಲವಾದ್ದರಿಂದ ಅದನ್ನು ನಾನೇ ಇಟ್ಟುಕೊಂಡೆ.

ಕೊನೆಯ ಓಟಗಾರ್ತಿ ಯಾರೆಂದು ಮೊದಲ ಐದು ನಿಮಿಷದಲ್ಲೇ ತೀರ್ಮಾನವಾಯಿತು. ನಮ್ಮ ಅರ್ಧ ಕಾಲೊನಿಗೆ ಜೋಳದ ರೊಟ್ಟಿ ಮಾಡಿಕೊಡುವ ಅರವತ್ತಮೂರು ವರ್ಷದ ಶಾರದವ್ವ. ವಿಜಯಪುರದ ಕಡೆಯವರು. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಮೊಮ್ಮಗನ ಬೂಟು ಹಾಕಿಕೊಂಡು ಬಂದಿದ್ದರು. "ಮೂರೂ ಮೊಮ್ಮಕ್ಕಳ ಪದಕ ಗ್ವಾಡಿ ಮ್ಯಾಲ ಅದಾವ್ರಿ. ಬಾಜೂಕ ನಂದೂ ಒಂದು ಮೊಳಿ ಬಡದು ಬಂದೀನಿ," ಎಂದರು.

"ಗಡಿಬಿಡಿ ಮಾಡಬ್ಯಾಡ್ರಿ, ನಿಮ್ಮ ಹಿಂದ ನಾ ಅದೀನಿ," ಎಂದು ನಾನು ದೊಡ್ಡದಾಗಿ ಅಭಯ ಕೊಟ್ಟೆ.

ಶಾರದವ್ವ ಓಡಲೂ ಇಲ್ಲ, ನಿಲ್ಲಲೂ ಇಲ್ಲ. ರೊಟ್ಟಿ ಬಡಿಯುವ ಅದೇ ಒಂದು ಲಯದಲ್ಲಿ ಗುಡ್ಡ ಹತ್ತಿದರು. ನಾನು ಮೂರನೆಯ ಏರಿನಲ್ಲಿ ನೋಟ ಚೆನ್ನಾಗಿದೆ ಎಂಬ ನೆಪದಿಂದ ಒಂದು ಕಲ್ಲಿನ ಮೇಲೆ ಕೂತೆ. ಎದ್ದು ಹೋಗಿ ನೋಡಿದರೆ ಕವಲಿನಲ್ಲಿ ಪಟ್ಟಿಯೇ ಇಲ್ಲ. ಹಿಂದಿನ ಸಂಜೆ ನನ್ನ ಕೈಯಾರೆ ಕಟ್ಟಿದ್ದು. ಧೈರ್ಯ ಮಾಡಿ ಎಡಕ್ಕೆ ಹೋದೆ. ದಾರಿ ಮುಳ್ಳುಕಂಟಿಯಲ್ಲಿ ಮುಗಿಯಿತು. ಕೆಳಗೆ ನಮ್ಮ ಮನೆಯ ನೀರಿನ ಟಾಕಿ ಸಹ ಕಾಣುತ್ತಿತ್ತು, ಇಳಿಯುವ ದಾರಿ ಮಾತ್ರ ಕಾಣಲಿಲ್ಲ. ವಾಯುವಿಹಾರಕ್ಕೆ ಬಂದ ಮರಾಠಿ ಅಜ್ಜರೊಬ್ಬರು ಮೇಲಿನಿಂದ, "ರಸ್ತಾ ಚುಕಲಾ ಕಾ?" ಎಂದು ಕೇಳಿದರು. ದಾರಿ ತಪ್ಪಿತೆಂದು ಕೊರಳಲ್ಲಿ ಸೀಟಿ ಇರುವವನು ಹೇಗೆ ಒಪ್ಪಿಕೊಳ್ಳುವುದು? ತಪಾಸಣೆ ಮಾಡುತ್ತಿದ್ದೇನೆ ಎಂದೆ. ಅವರು ಮರೆಯಾದ ಮೇಲೆ ಜೀವ ಬಿಟ್ಟು ಸೀಟಿ ಊದಿದೆ.

ಹತ್ತು ನಿಮಿಷಕ್ಕೆ ಶಾರದವ್ವ ಬಂದರು. ಸೊಂಟದಲ್ಲಿ ನಾನು ಮುಂದೆ ಬಿಚ್ಚಬೇಕಿದ್ದ ಕೆಂಪು ಪಟ್ಟಿಗಳೆಲ್ಲ ನೀಟಾಗಿ ಮಡಿಚಿಕೊಂಡು ಕೂತಿದ್ದವು.

"ನನ್ನ ಹಿಂದ ಓಡೋರು ಯಾರೂ ಇಲ್ಲಲ್ರಿ, ಅದಕ್ಕ ಬಿಚ್ಚಿಕೋತ ಹೊಂಟಿದ್ದೆ. ನಿಮಗ ಕೈ ಎತ್ತಿ ಬಿಚ್ಚೂದು ತ್ರಾಸ ಆಗ್ತದಂತ."

ಅವರು ಗೆರೆಯ ಹತ್ತಿರದವರೆಗೂ ಇಳಿದಿದ್ದವರು, ಸೀಟಿ ಕೇಳಿ ಮತ್ತೆ ಹತ್ತಿ ಬಂದಿದ್ದರು. ಗಡಿಯಾರ ನೋಡಿದೆ, ಎಂಟೂ ಇಪ್ಪತ್ತು. "ನೀವು ಹೋಗ್ರಿ ಶಾರದವ್ವ, ಪದಕ ತಪ್ಪತದ."

"ಮೊಳಿ ಎಲ್ಲೂ ಓಡಿ ಹೋಗೂದಿಲ್ರಿ. ಕೈ ಕೊಡ್ರಿ ಮದಲ."

ನನಗೆ ನಾಚಿಕೆಯೂ ಆಯಿತು, ಅವರ ಬಗ್ಗೆ ಭಕ್ತಿಯೂ ಹುಟ್ಟಿತು. ನಾನು ಬಾಯಿಮಾತಿಗೆ ಕೊಟ್ಟ ಅಭಯವನ್ನು ಅವರು ಸದ್ದಿಲ್ಲದೆ ನಡೆಸಿಕೊಟ್ಟಿದ್ದರು.

ಗೆರೆಯ ಹತ್ತಿರ ಬಂದಾಗ ಎಂಟೂ ಮುಕ್ಕಾಲು. ಅವರು ಮೊದಲು ದಾಟಲೆಂದು ನಾನು ಮೂರು ಹೆಜ್ಜೆ ಹಿಂದೆ ನಿಂತೆ. ವೇಳೆ ಬರೆದುಕೊಳ್ಳುತ್ತಿದ್ದ ಮೈಸೂರಿನ ಐಟಿ ಹುಡುಗ ಚೇತನ್ ಮೇಜಿಗೆ ಅಂಟಿಸಿದ್ದ ನನ್ನ ನಿಯಮಗಳ ಮೇಲೆ ಬೆರಳಾಡಿಸುತ್ತಿದ್ದ.

"ಸರ್, ರೂಲ್ ನಾಲ್ಕರ ಪ್ರಕಾರ ಟೈಮ್ ಮುಗೀತು. ಆದ್ರೆ ಒಂಬತ್ತರಲ್ಲಿ ನೀವೇ ಬರೆದಿದ್ದೀರ, ಹಿಂಗಾವಲಿನವರು ಗೆರೆ ದಾಟೋವರೆಗೂ ರೇಸ್ ಮುಗಿಯಲ್ಲ ಅಂತ. ನೀವಿನ್ನೂ ದಾಟಿಲ್ಲವಲ್ಲ. ಹಾಗೇ ನಿಂತಿರಿ, ಪ್ಲೀಸ್."

ಮುನ್ನೆಚ್ಚರಿಕೆಗೆ ಇನ್ನೆರಡು ಹೆಜ್ಜೆ ಹಿಂದೆ ಸರಿದೆ. ಶಾರದವ್ವ ದಾಟಿದರು, ಪದಕಕ್ಕೆ ಕೊರಳೊಡ್ಡಿದರು. ಇಪ್ಪತ್ತೆಂಟು ವರ್ಷ ತಪ್ಪು ಹುಡುಕಿದವನ ಕಣ್ಣಿಗೆ ತನ್ನದೇ ಎರಡು ಪುಟದ ತಪ್ಪು ಬಿದ್ದಿರಲಿಲ್ಲ. ಅಷ್ಟು ಒಳ್ಳೆಯ ತಪ್ಪನ್ನು ನಾನು ಬೇರೆ ಯಾವತ್ತೂ ಮಾಡಿಲ್ಲ.

ಈ ವರ್ಷದ ಓಟಕ್ಕೆ ಮೊನ್ನೆ ಕೆಲಸ ಹಂಚಿದರು. ಹಿಂಗಾವಲಿನ ಮುಂದೆ ಶಾರದವ್ವನ ಹೆಸರಿದೆ. ನನ್ನ ಹೆಸರು ಓಟಗಾರರ ಪಟ್ಟಿಯಲ್ಲಿದೆ. ಹಿಂಗಾವಲಿನವರಿಗೆ ಕಾಯಲು ಒಬ್ಬ ಕೊನೆಯ ಓಟಗಾರ ಬೇಕಲ್ಲ ಸರ್ ಎಂದು ಚೇತನ್ ಸಮಾಧಾನ ಹೇಳಿದ. ಮನೆಗೆ ಬಂದರೆ ಹೆಂಡತಿ ಆಗಲೇ ಗೋಡೆಗೆ ಮೊಳೆ ಹೊಡೆದಿದ್ದಾಳೆ. ಅದು ಸ್ವಲ್ಪ ಸೊಟ್ಟಗಿದೆ. ಅದನ್ನು ಹಾಗೇ ಬಿಟ್ಟು ನಾನು ಬೂಟು ಹುಡುಕತೊಡಗಿದೆ.