ಕೆಲಗೇರಿಯ ನಮ್ಮ ಅಡಿಗೆಮನೆಯ ಬ್ರೆಡ್ ಮಶೀನ್ ಸಾಹೇಬರಿಗೆ ಒಂದು ತಕರಾರು

ಮಾನ್ಯರೇ,

ಅಡಿಗೆಮನೆಯ ಕಟ್ಟೆಯ ಮೇಲೆ, ಕಿಡಕಿಯ ಗಾಳಿ ನೇರ ಬಂದು ತಾಗುವ ಎಲ್ಲಕ್ಕಿಂತ ಛಲೋ ಜಾಗವನ್ನು ಹಿಡಿದು ಕುಳಿತಿರುವ, ಬಿಳಿ ಮೈಯ, ಗಾಜಿನ ಮುಚ್ಚಳದ, ಹೊಟ್ಟೆಯೊಳಗೆ ಒಂದೇ ರೆಕ್ಕೆಯಿಟ್ಟುಕೊಂಡು ಸಮಸ್ತ ಹಿಟ್ಟನ್ನು ನಾದಬಲ್ಲೆನೆಂಬ ಖ್ಯಾತಿಯುಳ್ಳ ತಮ್ಮ ಸನ್ನಿಧಿಗೆ, ಇದೇ ಮನೆಯ ಸೊಸೆಯಾದ ರಾಜೇಶ್ವರಿ ಮಾಡುವ ಶರಣು ಶರಣಾರ್ಥಿ. ತಮ್ಮ ಕ್ಷೇಮವನ್ನು ನಾನು ಕೇಳಬೇಕಾಗಿಲ್ಲ, ದಿನಾಲೂ ಒದ್ದೆ ಅರಿವೆಯಿಂದ ತಮ್ಮ ಮೈ ಒರೆಸುವವಳು ನಾನೇ. ನನ್ನ ಕ್ಷೇಮವನ್ನು ತಾವು ಕೇಳುವವರಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಸಿಟ್ಟೊಂದನ್ನು ಬಿಟ್ಟರೆ ಆರಾಮಿದ್ದೇನೆ.

ತಮ್ಮೆದುರಿಗೇ ನಿಂತು ಹೇಳಬೇಕಾದ ಮಾತನ್ನು ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಎದುರಿಗೆ ನಿಂತು ಸಾಕಷ್ಟು ಸಲ ಹೇಳಿದ್ದೇನೆ. ಅದು ನನ್ನ ಮಗಳಿಗೆ ಕೇಳಿಸಿತು, ಆಚೆ ಮನೆಯ ಗೌರಕ್ಕನಿಗೆ ಕೇಳಿಸಿತು, ತಮಗೆ ಮಾತ್ರ ಕೇಳಿಸಲಿಲ್ಲ.

ತಾವು ನಮ್ಮ ಮನೆಗೆ ದಯಮಾಡಿಸಿದ ಸಂದರ್ಭವನ್ನು ಮೊದಲು ನೆನಪಿಸುತ್ತೇನೆ. ನನ್ನ ಮಗಳು ವಾಣಿಶ್ರೀಗೆ ಹ್ಯಾಂಬರ್ಗರ್ ಹುಚ್ಚು. ಸಂಡೇ ಸಂಜೆಯಾದರೆ ಅವಳು, ನಾನು, ನಮ್ಮ ಯಜಮಾನರು ಗುರುಪಾದ ಅವರು ಗಾಡಿಯವನ ಮುಂದೆ ನಿಂತು ಆಲೂಗಡ್ಡೆ ಟಿಕ್ಕಿಯ ಬರ್ಗರ್ ತಿಂದು ಬರುತ್ತಿದ್ದೆವು. ನಮ್ಮ ಅತ್ತೆ ಶಿವಲಿಂಗವ್ವನವರು ಮಾತ್ರ ಮನೆಯಲ್ಲೇ ಇರುತ್ತಿದ್ದರು, ಏಕೆಂದರೆ ಬೇಕರಿಯ ಬನ್ನಿನಲ್ಲಿ ತತ್ತಿ ಇರುತ್ತದೆಂದು ಅವರ ಖಚಿತ ನಂಬಿಕೆ, ಮತ್ತು ಇಲ್ಲವೆಂದು ಆಣೆ ಮಾಡಿ ಹೇಳುವ ಬೇಕರಿಯವನ ಮುಖವನ್ನು ಅವರು ನಂಬುವುದಿಲ್ಲ. ಆಗ ಹತ್ತಿ, ಕಾಳುಗಳ ದಲಾಲಿ ಮಾಡುವ ನಮ್ಮ ಯಜಮಾನರು ಹುಬ್ಬಳ್ಳಿಯಿಂದ ತಮ್ಮನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಬಂದರು. ಡಬ್ಬಿಯ ಮೇಲೆ ಎಳ್ಳು ಹಚ್ಚಿದ ದುಂಡನೆಯ ಬನ್ನುಗಳ ಫೋಟೋ ಇತ್ತು. ಗಿರಣಿಯಲ್ಲಿ ಮೇಲೆ ಜೋಳ ಸುರಿದರೆ ಕೆಳಗೆ ಹಿಟ್ಟು ಬೀಳುವಂತೆ, ಇಲ್ಲಿ ಮೇಲೆ ಮೈದಾ ಸುರಿದರೆ ಕೆಳಗೆ ಬನ್ ಉದುರುತ್ತವೆಂದು ಅವರು ನಂಬಿದ್ದರು. ನಾನೂ ನಂಬಿದೆ.

ಆದರೆ ಖರೇ ಹೇಳಬೇಕೆಂದರೆ, ತಾವು ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಬರ್ಗರ್ ಅಲ್ಲ, ಅತ್ತೆಯವರ ಹಲ್ಲು. ಅವರು ಹೆಬ್ಬಳ್ಳಿಯ ಹೆಣ್ಣುಮಗಳು. ರೊಟ್ಟಿ ಉಂಡರೆ ಊಟ, ಅನ್ನ ಅಂದರೆ ಕೈ ತೊಳೆಯುವ ಮುಂಚಿನ ಒಂದು ಶಾಸ್ತ್ರ, ಅಷ್ಟೇ. ಅಂಥವರು ಕೆಲವು ತಿಂಗಳಿಂದ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ, ಅದನ್ನೂ ಪೂರ್ತಿ ಮಾಡದೆ, ಹಸಿವಿಲ್ಲ ಅನ್ನುತ್ತ ಏಳತೊಡಗಿದ್ದರು. ಡಾಕ್ಟರು ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಕಪಾಟಿನಲ್ಲಿ ನಗುತ್ತ ಕುಳಿತಿತ್ತು. ಕುಪ್ಪಸದ ತೋಳು ಸಡಿಲಾಗುತ್ತಿತ್ತು. ಅಂಬಲಿ ಕಾಸುತ್ತೇನೆ, ಮೆತ್ತನ್ನದು ಏನಾದರೂ ಮಾಡುತ್ತೇನೆ ಅಂದರೆ, ತನಗೊಬ್ಬಳಿಗಾಗಿ ಬೇರೆ ಅಡಿಗೆ ಮಾಡುವ ಕಾಲ ಬಂದರೆ ಆ ಊಟವೇ ಬೇಡ ಎಂದು ಅವರು ತಾಟು ಸರಿಸಿಬಿಡುತ್ತಿದ್ದರು. ಹೀಗೆ ಒಂದು ಜೀವ ಕಣ್ಣೆದುರಿಗೆ ಸೊರಗುವುದನ್ನು ನೋಡುತ್ತ ರೊಟ್ಟಿ ಬಡಿಯುವುದು ಎಂಥ ತ್ರಾಸಿನ ಕೆಲಸವೆಂದು ತಮಗೆ ತಿಳಿಯಲಿಕ್ಕಿಲ್ಲ.

ತಮ್ಮ ಮೊದಲ ದಿನದ ಪರಾಕ್ರಮವನ್ನು ಮರೆಯಲಾರೆ. ಮೂರು ತಾಸು ಗುಂಯ್ ಅಂದು, ಮನೆಯೆಲ್ಲ ಗಮ್ಮೆನ್ನಿಸಿ, ತಾವು ಕೊಟ್ಟಿದ್ದು ಒಂದು ಇಟ್ಟಂಗಿ. ಅದರ ತಳದಲ್ಲಿ ತಮ್ಮ ರೆಕ್ಕೆಯೇ ಸಿಕ್ಕಿಕೊಂಡು ತೂತು ಬಿದ್ದಿತ್ತು. ಇದರಲ್ಲಿ ಬನ್ ಯಾವ ಕಡೆಗೆ ಇದೆ ಎಂದು ವಾಣಿಶ್ರೀ ತಿರುಗಿಸಿ ತಿರುಗಿಸಿ ನೋಡಿದಳು. ತಾವು ಬನ್ ಮಾಡುವುದಿಲ್ಲ, ಬರೇ ಹಿಟ್ಟು ನಾದಿ ಉಬ್ಬಿಸಿ ಕೊಡುತ್ತೀರಿ, ದುಂಡಗೆ ಮಾಡಿ ಬೇಯಿಸುವುದು ಮನೆಯವರ ಕೆಲಸ ಎಂಬ ಸಂಗತಿಯನ್ನು ಹಿಂದಿನ ಓಣಿಯ ಕರುಣಾ ಟೀಚರ್ ಹೇಳಿಕೊಟ್ಟರು. ಕ್ರಿಸ್‌ಮಸ್ಸಿಗೆ ಕೇಕ್ ಮಾಡುವ ಹಳೆಯ ಓವನ್ನನ್ನೂ ಅವರೇ ಕೊಟ್ಟರು.

ಎರಡನೆಯ ದಿನ ಹಿಟ್ಟು ಏಳಲೇ ಇಲ್ಲ. ನಾನು ತಮ್ಮನ್ನು ಬೈದೆ. ಆ ಬೈಗುಳವನ್ನು ಈ ಪತ್ರದ ಮೂಲಕ ಸಗೌರವವಾಗಿ ಹಿಂದೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ತಪ್ಪು ತಮ್ಮದಾಗಿರಲಿಲ್ಲ. ನಾನು ಹಿತ್ತಲಿಗೆ ಹೋದಾಗ ಅತ್ತೆಯವರು ಮುಚ್ಚಳ ತೆಗೆದು ನೋಡಿದ್ದರು. ತಣ್ಣೀರಿನಲ್ಲಿ ಹಿಟ್ಟು ನಾದುವುದನ್ನು ಅವರ ಜೀವಮಾನದಲ್ಲಿ ಯಾರೂ ಕಂಡವರಿಲ್ಲ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕದಿದ್ದರೆ ಅದು ಕೂಡುವುದೇ ಇಲ್ಲವಲ್ಲ. ಪಾಪ, ಈ ಮಶೀನಿಗೆ ಯಾರೂ ಹೇಳಿಕೊಟ್ಟಿಲ್ಲವೆಂದು ಕನಿಕರಿಸಿ, ರೊಟ್ಟಿಗೆಂದು ಇಟ್ಟಿದ್ದ ಎಸರಿನಿಂದ ಒಂದು ತಂಬಿಗೆ ತಮ್ಮ ಹೊಟ್ಟೆಗೆ ಸುರಿದಿದ್ದರು. ಈಸ್ಟ್ ಸತ್ತಿತು. ತಾವು ಬದುಕಿದಿರಿ. ಆ ಸಹನೆಯನ್ನು ಎಷ್ಟು ಹೊಗಳಿದರೂ ಕಡಿಮೆ.

ಮೂರನೆಯ ಸಲ ಬನ್ನುಗಳು ಬಂದವು. ನಾದಿದ್ದು ತಾವು, ಒಪ್ಪಿದೆ. ಹಿಟ್ಟನ್ನು ಹರಿದು ಗುಂಡಗೆ ಮಾಡಿದ್ದು, ಮತ್ತೊಮ್ಮೆ ಉಬ್ಬಲಿಕ್ಕೆ ಬಿಟ್ಟು ಕಾದಿದ್ದು, ತತ್ತಿಯ ಬದಲು ಹಾಲು ಸವರಿದ್ದು, ಸಜ್ಜಿ ರೊಟ್ಟಿಗೆ ಒತ್ತುವ ಹಾಗೆ ಮೇಲೆ ಎಳ್ಳು ಒತ್ತಿದ್ದು, ಓವನ್ನಿನ ಬಾಗಿಲಿಗೆ ಮುಂಗೈ ಸುಟ್ಟುಕೊಂಡಿದ್ದು ನಾನು. ವಾಣಿಶ್ರೀ ನಡುವೆ ಸೀಳಿ ಟಿಕ್ಕಿ ಇಟ್ಟುಕೊಂಡು ತಿಂದಳು. ಅತ್ತೆಯವರು ದೂರದಿಂದ ನೋಡುತ್ತ, ಇದನ್ನು ಮಾಡಲಿಕ್ಕೆ ನನಗೆ ಎಷ್ಟು ತ್ರಾಸಾಯಿತೆಂದು ಕೇಳಿದರು. ನಾನೇನೂ ಮಾಡಲಿಲ್ಲ, ಎಲ್ಲ ಮಶೀನೇ ಮಾಡಿತು ಅಂದೆ. ಸುಮ್ಮನೆ ಬಾಯಿಗೆ ಬಂದ ಮಾತು. ಆಗ ಅವರು ತಾಟು ಮುಂದೆ ಸರಿಸಿದರು:

"ಮಶೀನ ಮಾಡೈತೆಲ್ಲ, ಯಾರಿಗೂ ತ್ರಾಸ ಇಲ್ಲಲ್ಲ? ಹಂಗಾದ್ರ ನನಗೂ ಒಂದ ಕೊಡು."

ಬನ್ನನ್ನು ಮುರಿದು, ಎಣ್ಣೆಗಾಯಿಯ ರಸದಲ್ಲಿ ಅದ್ದಿ, ಒಂದು ತಿಂದರು. ಆಮೇಲೆ ಇನ್ನೊಂದು ಕೇಳಿದರು. ಕೇಳಿ ಉಣ್ಣುವುದನ್ನು ನಾನು ಈ ಮನೆಗೆ ಬಂದಂದಿನಿಂದ ನೋಡಿರಲಿಲ್ಲ. ನನಗೆ ಆದ ಸಂತೋಷಕ್ಕೆ ತಮ್ಮ ಮುಚ್ಚಳಕ್ಕೊಂದು ಮುತ್ತು ಕೊಡುವುದಷ್ಟೇ ಬಾಕಿ ಇತ್ತು.

ಹೀಗಿರುವಾಗ ತಕರಾರು ಎಲ್ಲಿಂದ ಹುಟ್ಟಿತು ಎಂದು ತಾವು ಕೇಳಬಹುದು. ತಮ್ಮ ಕೀರ್ತಿಯಿಂದ ಹುಟ್ಟಿತು. ಮದುವೆಯಾಗಿ ಬಂದಾಗಿನಿಂದ ದಿನಾ ಎರಡು ಹೊತ್ತು ಈ ಕೈ ರೊಟ್ಟಿ ಬಡಿದಿದೆ. ಕಾಗದದಂತೆ ತೆಳ್ಳಗೆ ಬಡಿದಿದ್ದೇನೆ, ಹಂಚಿನ ಮೇಲೆ ಚೆಂಡಿನಂತೆ ಉಬ್ಬಿಸಿದ್ದೇನೆ. ಅತ್ತೆಯವರ ಬಾಯಿಂದ ಬಂದ ಅತಿ ದೊಡ್ಡ ಪ್ರಶಂಸೆ ಎಂದರೆ "ಹೂಂ" ಎಂಬುದು, ಅದೂ ಹಬ್ಬದ ದಿನ. ತಾವು ಬಂದು ವಾರವೂ ತುಂಬಿರಲಿಲ್ಲ, ಅವರು ಕಂಪೌಂಡಿನ ಗೋಡೆಗೆ ಆತು ನಿಂತು ಗೌರಕ್ಕನಿಗೆ ತಮ್ಮ ಗುಣಗಾನ ಮಾಡುತ್ತಿದ್ದರು. ಮಶೀನಿಗೆ ಬೇಸರವೆಂಬುದಿಲ್ಲವಂತೆ, ಎದುರುತ್ತರವಿಲ್ಲವಂತೆ, ಪಂಚಮಿ ಬಂತೆಂದು ತವರಿಗೆ ಓಡುವುದಿಲ್ಲವಂತೆ. ನಾನು ಅಲ್ಲೇ ಅರಿವೆ ಒಣಹಾಕುತ್ತಿದ್ದೆ. ಈ ಮಾತಿಗೆ ಗೌರಕ್ಕ ನನ್ನ ಕಡೆ ನೋಡಿ ನಕ್ಕಳು.

ದಸರೆಯಲ್ಲಿ ಇದು ಇನ್ನೂ ಒಂದು ಪಾವಟಿಗೆ ಏರಿತು. ಆಯುಧಪೂಜೆಗೆ ತಮಗೆ ಮೂರು ಬೆರಳಿನ ವಿಭೂತಿ, ಚೆಂಡು ಹೂವಿನ ಮಾಲೆ. ನನ್ನ ರೊಟ್ಟಿಯ ಹಂಚು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಮರುದಿನ ಸಂಜೆ ಹಿರಿಯರು ಕಿರಿಯರು ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂಗ ಇರೋಣು ಅನ್ನುವ ಹೊತ್ತಿಗೆ ನಾನು ಸೆರಗು ಸರಿಮಾಡಿಕೊಂಡು ಅತ್ತೆಯವರ ಕಾಲಿಗೆರಗಲು ಹೋದರೆ, ಅವರು ನನ್ನನ್ನು ದಾಟಿಕೊಂಡು ಅಡಿಗೆಮನೆಗೆ ನಡೆದು ಮೊದಲ ಬನ್ನಿಯನ್ನು ತಮ್ಮ ಗಾಜಿನ ಮುಚ್ಚಳದ ಮೇಲೆ ಇಟ್ಟರು. ಯಜಮಾನರು ಹಲ್ಲು ಕಿಸಿದರು. ನಾನು ಆ ರಾತ್ರಿ ತಮ್ಮ ಮೈ ಒರೆಸಲಿಲ್ಲ.

ಇಷ್ಟೆಲ್ಲ ಗೌರವವನ್ನು ಹೊತ್ತುಕೊಂಡ ಮೇಲೆ ತಾವು ಮಾಡಿದ್ದೇನು? ದೀಪಾವಳಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಎಂದಿನಂತೆ ದೀಪ ಬೆಳಗಿಸಿದಿರಿ, ಎಂದಿನಂತೆ ಗುಂಯ್ ಅಂದಿರಿ, ಹೊತ್ತಿಗೆ ಸರಿಯಾಗಿ ಕೂಗಿ ಕೆಲಸ ಮುಗಿಯಿತೆಂದು ಸಾರಿದಿರಿ. ಮುಚ್ಚಳ ತೆಗೆದರೆ ಮೈದಾ ಹಾಕಿದಲ್ಲೇ ಇತ್ತು, ನೀರು ಒಂದು ಮೂಲೆಯಲ್ಲಿತ್ತು, ತಮ್ಮ ರೆಕ್ಕೆ ಅಲ್ಲಾಡಿರಲಿಲ್ಲ. ಏನೂ ಮಾಡದೆ ಆಯಿತೆಂದು ಕೂಗುವ ವಿದ್ಯೆ ಕೆಲವು ಕಚೇರಿಗಳಲ್ಲಿ ಇದೆಯೆಂದು ಕೇಳಿದ್ದೆ, ನಮ್ಮ ಅಡಿಗೆಮನೆಗೂ ಬರುತ್ತದೆಂದು ತಿಳಿದಿರಲಿಲ್ಲ. ತಮ್ಮ ಕಂಪನಿಗೆ ಫೋನು ಹಚ್ಚಿದರೆ, ನಮ್ಮ ಕರೆ ಅವರಿಗೆ ಬಹಳ ಮುಖ್ಯವೆಂದು ಒಬ್ಬ ಹೆಣ್ಣುಮಗಳು ದಿನಾಲೂ ಹೇಳುತ್ತಾಳೆ. ಎಷ್ಟು ಮುಖ್ಯವೆಂದರೆ, ಅದನ್ನು ಯಾರ ಕೈಗೂ ಕೊಡುವುದಿಲ್ಲ.

ಆ ಮಧ್ಯಾಹ್ನ ಅತ್ತೆಯವರು ಪಡಸಾಲೆಯಲ್ಲಿ ಕುಳಿತು ಮಶೀನ ಏನು ಮಾಡುತ್ತಿದೆ ಎಂದು ಕೇಳುತ್ತಿದ್ದರು. ನಾನು ಹಿಟ್ಟನ್ನು ಪರಾತದಲ್ಲಿ ಬಗ್ಗಿಸಿಕೊಂಡು ಹಿತ್ತಲಿನ ಸಾಮಾನಿನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂದಿನಿಂದ ನಡೆದಿರುವುದು ಇಷ್ಟು. ತಾವು ಕಟ್ಟೆಯ ಮೇಲೆ ಖಾಲಿ ಹೊಟ್ಟೆಯಲ್ಲಿ ಗುಂಯ್ ಅನ್ನುತ್ತೀರಿ, ನಾನು ಹಿತ್ತಲಿನಲ್ಲಿ ನಾದುತ್ತೇನೆ. ಈ ಹಿಟ್ಟು ಜೋಳದ ಹಿಟ್ಟಿನಂಥ ಮರ್ಯಾದಸ್ಥ ಹಿಟ್ಟಲ್ಲ. ಬೆರಳಿಗೆ ಅಂಟಿ, ಮೊಣಕೈವರೆಗೆ ಹತ್ತಿ, ಎಳೆದರೆ ವಾಪಸು ಎಳೆಯುತ್ತದೆ. ರಾತ್ರಿ ತಲೆ ಬಾಚಲಿಕ್ಕೆ ಕೈ ಮೇಲೆ ಏಳುವುದಿಲ್ಲ. ಖರೇ ಹೇಳಿಬಿಡು ಎಂದು ಯಜಮಾನರು ಅಂದರು. ಹೇಳಿದರೆ ಏನಾಗುತ್ತದೆಂದು ಅವರಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ. ಸೊಸೆ ತನಗಾಗಿ ತ್ರಾಸು ಪಡುತ್ತಿದ್ದಾಳೆಂದು ತಿಳಿದ ದಿನ ಅತ್ತೆಯವರು ತಾಟು ಸರಿಸಿ, ಹಸಿವಿಲ್ಲ ಅನ್ನುತ್ತಾರೆ. ಈಗಷ್ಟೇ ಅವರ ಕುಪ್ಪಸದ ತೋಳು ಮತ್ತೆ ಬಿಗಿಯಾಗುತ್ತಿದೆ. ನನಗೆ ಹೆಸರು ಬರದಿದ್ದರೆ ಹಾಳಾಗಲಿ, ಅದು ಸಡಿಲಾಗಬಾರದು.

ಆದ್ದರಿಂದ ಈ ಪತ್ರವನ್ನು ಬರೆಯಲು ಕೂತಾಗ ನನ್ನ ಬೇಡಿಕೆಗಳು ಬಹಳ ಸರಳವಾಗಿದ್ದವು. ತಾವು ಲಗೂ ಗುಣವಾಗಬೇಕು. ಗುಣವಾದ ಮೇಲೆ ತಿಂಗಳಿಗೊಮ್ಮೆಯಾದರೂ ಅತ್ತೆಯವರಿಗೆ ಎದುರುತ್ತರ ಕೊಡಬೇಕು. ಬರುವ ಪಂಚಮಿಗೆ, ತಮ್ಮ ತವರು ಯಾವ ದೇಶದಲ್ಲಿದ್ದರೂ ಸರಿ, ಅಲ್ಲಿಗೆ ಹೊರಟು ನಿಂತು, ಜೋಕಾಲಿ ಆಡಿ, ಉಂಡಿ ಕಟ್ಟಿಸಿಕೊಂಡು ತಡಮಾಡಿ ಬರಬೇಕು. ಗೋಡೆಯಾಚೆ ತಮ್ಮ ಹೊಗಳಿಕೆ ಶುರುವಾದಾಗ ಸ್ವಲ್ಪ ಕೆಮ್ಮಿ, ದುಂಡಗೆ ಮಾಡುವುದು ತಮಗೆ ಬಾರದೆಂದು ಸ್ವಂತ ಬಾಯಿಂದ ಒಪ್ಪಿಕೊಳ್ಳಬೇಕು. ಇಷ್ಟನ್ನು ನಿನ್ನೆ ಬರೆದು, ಚಹಾ ಕುಡಿದು, ನಾದಲಿಕ್ಕೆ ಎದ್ದು ಹೋದೆ.

ನಾದುವುದು ಅರ್ಧವಾಗಿತ್ತು, ಖೋಲಿಯ ಬಾಗಿಲು ತೆರೆಯಿತು. ಅತ್ತೆಯವರು ಬಂದು ಜೋಳದ ಚೀಲದ ಮೇಲೆ ಕುಳಿತರು. ಅವರ ಕೈಯಲ್ಲಿ ಬಿಸಿ ಮಾಡಿದ ಔಡಲೆಣ್ಣೆಯ ಬಟ್ಟಲಿತ್ತು. ನನ್ನ ಕೈ ಮೊಣಕೈವರೆಗೆ ಮೈದಾ, ಅಡಿಗೆಮನೆಯಲ್ಲಿ ತಮ್ಮ ಗುಂಯ್‌ಗುಟ್ಟುವಿಕೆ ಸಾಗಿಯೇ ಇತ್ತು. ಅವರು ನನ್ನ ಮುಖ ನೋಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂದರು:

"ಮಶೀನಿನ ರಟ್ಟಿ ಬಾತಿರಬೇಕು. ಇತ್ತ ತಾ, ಎಣ್ಣಿ ತಿಕ್ಕತೇನಿ."

ನಾನು ಕೈ ಚಾಚಿದೆ. ಅವರು ಭುಜದಿಂದ ಮೊಣಕೈವರೆಗೆ ತಿಕ್ಕಿದರು. ಯಾವ ದಿನದಿಂದ ಅವರಿಗೆ ಗೊತ್ತಿತ್ತೋ ನಾನು ಕೇಳಲಿಲ್ಲ. ಜೀವಮಾನವೆಲ್ಲ ಹಿಟ್ಟು ನಾದಿದವರಿಗೆ ಖಾಲಿ ಸದ್ದು ಯಾವುದು, ಕೈಯ ಸದ್ದು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನ್ನಿಸುತ್ತದೆ. ನನಗೆ ಅಳು ಬಂತು, ಕಣ್ಣು ಒರೆಸಿಕೊಳ್ಳಲು ಒಂದು ಕೈಗೆ ಹಿಟ್ಟು, ಇನ್ನೊಂದಕ್ಕೆ ಎಣ್ಣೆ. ಊಟಕ್ಕೆ ಕೂತಾಗ ಅವರು ಎಂದಿನಂತೆ ಮಶೀನು ಇವತ್ತು ಬಹಳ ಛಲೋ ಮಾಡಿದೆ ಎಂದು ದೊಡ್ಡ ದನಿಯಲ್ಲಿ ಹೇಳಿ, ಇನ್ನೊಂದು ಬನ್ ಕೇಳಿ ಹಾಕಿಸಿಕೊಂಡರು. ನನ್ನ ಕಡೆ ನೋಡಲಿಲ್ಲ. ನಾನೂ, ಹೌದ್ರಿ, ಅದಕ್ಕೆ ಏನೂ ತ್ರಾಸಾಗಿಲ್ಲರಿ ಅಂದೆ.

ಆದ್ದರಿಂದ, ಮಾನ್ಯರೇ, ಮೇಲಿನ ಎಲ್ಲ ಬೇಡಿಕೆಗಳನ್ನು ರದ್ದುಪಡಿಸಿ ಒಂದೇ ಒಂದು ವಿನಂತಿ ಮಾಡಿಕೊಳ್ಳುತ್ತೇನೆ. ದಯಮಾಡಿ ತಾವು ಗುಣವಾಗಬೇಡಿರಿ. ಇಂದು ಮುಂಜಾನೆಯೂ ಅತ್ತೆಯವರು ಗೋಡೆಗೆ ಆತು ನಿಂತು, ನಮ್ಮ ಮನೆಯ ಮಶೀನಿನಂಥದ್ದು ಇಡೀ ಧಾರವಾಡದಲ್ಲಿ ಇಲ್ಲ, ಅದು ಬಂದದ್ದು ನಮ್ಮ ಪುಣ್ಯ ಎಂದು ಗೌರಕ್ಕನಿಗೆ ಹೇಳುತ್ತಿದ್ದರು. ಒಣಗಿದ ಅರಿವೆಯನ್ನೇ ನಾನು ಮತ್ತೆ ಮತ್ತೆ ಜಾಡಿಸುತ್ತ ಪೂರ್ತಿ ಕೇಳಿಸಿಕೊಂಡೆ.

ನಾದುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ಸದ್ಯದ ಮಟ್ಟಿಗೆ ತಮ್ಮ ರೆಕ್ಕೆ,
ರಾಜೇಶ್ವರಿ
ಕೆಲಗೇರಿ, ಧಾರವಾಡ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ತಮ್ಮ ಕಂಪನಿಯ ರಿಪೇರಿಯವನು ಕಡೆಗೂ ಫೋನು ಮಾಡಿ, ನಾಳೆಯೇ ಬಂದು ತಮ್ಮನ್ನು ಸರಿಪಡಿಸುವುದಾಗಿ ಹೇಳಿ ವಿಳಾಸ ಕೇಳಿದ. ಬಹಳ ಸಭ್ಯ ಮನುಷ್ಯ. ಅವನಿಗೆ ಹುಬ್ಬಳ್ಳಿಯಾಚೆಯ ಶಿರಗುಪ್ಪಿಯ ವಿಳಾಸ ಕೊಟ್ಟಿದ್ದೇನೆ. ಅಲ್ಲಿ ನಮ್ಮವರು ಯಾರೂ ಇಲ್ಲ.