ಬಂದೂಕಿನ ಟೋಪಿ, ಬಂದೂಕಿನ ಚೀಲ

ಬಾಗಲಕೋಟೆಯಲ್ಲಿ ನಮ್ಮದು ಬಂದೂಕಿನ ಅಂಗಡಿ. ಅಪ್ಪನ ಕಾಲದಿಂದ ಪರವಾನಗಿ ಇದೆ. ಗಿರಾಕಿಗಳೆಂದರೆ ಹೊಲಕ್ಕೆ ನುಗ್ಗುವ ಹಂದಿ ಹೆದರಿಸುವ ರೈತರು, ಬ್ಯಾಂಕಿನ ಬಾಗಿಲಲ್ಲಿ ತೂಕಡಿಸುವ ಕಾವಲುಗಾರರು, ಇಷ್ಟೇ. ಆದರೂ ನಾನು ಚಹಾದಂಗಡಿಯಲ್ಲಿ ಕುಂತರೆ ಪಕ್ಕದವರು ಮಾತು ನಿಲ್ಲಿಸಿ ನನ್ನ ಕಿಸೆ ನೋಡುತ್ತಾರೆ. ಕಿರಾಣಿ ಅಂಗಡಿಯವನ ಕಿಸೆಯಲ್ಲಿ ಬೆಲ್ಲ ಇದೆಯೇನೋ ಎಂದು ಯಾರೂ ನೋಡುವುದಿಲ್ಲ. ಹೀಗಾಗಿ ನನ್ನ ಪಾಲಿಗೆ ಏನಾದರೊಂದು ನಡೆಯುತ್ತಲೇ ಇರುತ್ತದೆ. ಹೋದ ವರ್ಷವಂತೂ ಬಂದೂಕಿನ ಕಂಪನಿಯವರೇ ಅದಕ್ಕೆ ಕೈಹಚ್ಚಿದರು.

ಹೆಸರು ಅವರದು

ಕಂಪನಿಯ ಏಜೆಂಟ್ ಬೆಂಗಳೂರಿನಿಂದ ಬಂದಿದ್ದ. ಟೋಪಿ ಮತ್ತು ಬಟ್ಟೆ ಚೀಲ ತೋರಿಸಿದ. ಎರಡರ ಮೇಲೂ ಕಂಪನಿಯ ಹೆಸರು, ಅದರ ಕೆಳಗೆ ಜೋಡಿ ನಳಿಗೆಯ ಬಂದೂಕಿನ ಚಿತ್ರ. ಪುಕ್ಕಟೆ ಇರಬೇಕೆಂದು ನಾನು ಹಿಗ್ಗಿದೆ. ಆತ ಬಿಲ್ ಮುಂದಿಟ್ಟ.

"ಅಲ್ರಿ, ಹೆಸರು ನಿಮ್ದು, ಜಾಹೀರಾತು ನಿಮ್ದು, ರೊಕ್ಕ ನಾ ಯಾಕ ಕೊಡ್ಲಿ?"

"ಪುಕ್ಕಟೆ ಕೊಟ್ರೆ ಜನ ಅನುಮಾನ ಪಡ್ತಾರೆ ಸರ್."

ಮಾತು ಖರೆ ಅನಿಸಿತು. ರೊಕ್ಕ ಕೊಟ್ಟೆ. ಆತ ಹೋದ ಮೇಲೆ ನನಗೇ ಅನುಮಾನ ಬಂತು.

ಗಾಲಿ ನಿಧಾನ

ಮಾಲು ಪಾರ್ಸಲ್ ಆಫೀಸಿಗೆ ಬಂತು. ಆಟೋದವನು ಪೆಟ್ಟಿಗೆಯ ಮೇಲಿನ ಬಂದೂಕಿನ ಚಿತ್ರ ನೋಡಿದ್ದೇ ತಡ, ಗಾಡಿಯನ್ನು ಬಾಣಂತಿ ಕೂತಿದ್ದಾಳೇನೋ ಎನ್ನುವಂತೆ ನಡೆಸಿದ. ರಸ್ತೆಯ ಪ್ರತಿ ಹಂಪಿನ ಮುಂದೆಯೂ ಇಳಿದು ನೂಕಿದ. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು.

"ಲೇ, ಒಳಗ ಇರೂದು ಟೋಪಿ. ಜೋರ ನಡಿ."

"ಎಲ್ಲಾರೂ ಹಂಗ ಹೇಳ್ತಾರ್ರಿ."

ಮನೆ ಮುಂದೆ ಪೆಟ್ಟಿಗೆ ಒಡೆದು ತೋರಿಸಿದೆ. ಆತ ಒಂದು ಟೋಪಿ ಹೊರಳಿಸಿ, ಒಳಗೆ ಬೆರಳಾಡಿಸಿ, ಮೂಸಿ ನೋಡಿದ. "ಖರೇನ ಟೋಪಿ ಅದಾವ್ರಿ. ಇಷ್ಟೊಂದ ಟೋಪಿ ಯಾರಿಗಿ ಹಾಕಾವ್ರು?"

ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಹಾಕೂದು ಆಗೇತಪ್ಪಾ," ಅಂದಳು, "ಕಂಪನ್ಯಾವ್ರು ನಮ್ಮ ಮನ್ಯಾವ್ರಿಗೆ."

ಮಹಾಕೂಟದಾಗ ಸಾಹೇಬ್ರು

ಒಂದು ಟೋಪಿಯನ್ನು ಪಕ್ಕದ ಮನೆಯ ನಿವೃತ್ತ ಮಾಸ್ತರರಿಗೆ ಕೊಟ್ಟೆ. ಬಿಸಿಲಿಗೆ ಆಗುತ್ತದೆಂದು ಅವರು ಅದನ್ನು ಹಾಕಿಕೊಂಡು ಮಹಾಕೂಟದ ಗುಡಿಗೆ ಹೋದರು. ಇವರು ಹೊಂಡದ ಮೆಟ್ಟಿಲಿಗೆ ಬಂದದ್ದೇ ಸ್ನಾನ ಮಾಡುತ್ತಿದ್ದವರೆಲ್ಲ ಟೋಪಿಯ ಬಂದೂಕು ನೋಡಿ, ಪೊಲೀಸ್ ಸಾಹೇಬರೆಂದು ಮೇಲೆದ್ದರು. ಕಾಯಿ ಮಾರುವವನೊಬ್ಬ ಹತ್ತಿರ ಬಂದು ಪಿಸುಗುಟ್ಟಿದ:

"ಯಾರ ಬರಾವ್ರದಾರ್ರಿ ಸಾಹೇಬ್ರ?"

"ಯಾರೂ ಇಲ್ಲಪಾ. ನಾ ಒಬ್ಬನ ಬಂದೇನಿ."

"ಗೊತ್ತದ ಬಿಡ್ರಿ. ನಿಮಗ ಹೇಳಾಕ ಬರಂಗಿಲ್ಲ."

ಸುದ್ದಿ ಹರಡಿತು. ಮಂತ್ರಿ ಬರುತ್ತಾರೆಂದು ಒಬ್ಬರು, ದಿಲ್ಲಿಯಿಂದ ಯಾರೋ ಎಂದು ಇನ್ನೊಬ್ಬರು. ಜನ ಸಾಲಾಗಿ ನಿಂತರು, ಯಾರೋ ಹಾರವನ್ನೂ ತಂದರು. ಮಾಸ್ತರರು ಮನೆ ಮುಟ್ಟಿದಾಗ ಸಂಜೆಯಾಗಿತ್ತು.

"ಇಷ್ಟೊತ್ತನ ಏನ್ ಮಾಡಿದ್ರಿ?" ಅಂದೆ.

"ಅಷ್ಟ ಮಂದಿ ಕಾಯಾಕತ್ತಿದ್ರು. ಖರೇನ ಯಾರರೆ ಬಂದ್ರೂ ಬರಬಹುದು ಅಂತ ನಾನೂ ಕುಂತೆ."

ಹುನಗುಂದದ ಕನ್ಯಾ

ನನ್ನ ತಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾನೆ. ಭಾಳ ಮೆತ್ತಗಿನ ಮನುಷ್ಯ. ಮುಂಚೆ ಎರಡು ಕಡೆ ಕನ್ಯಾ ನೋಡಿದ್ದೆವು. "ಅಣ್ಣ ಬಂದೂಕು ಮಾರ್ತಾನಂತ" ಎಂದು ಎರಡೂ ಮುರಿದಿದ್ದವು. ಹುನಗುಂದದ ಹುಡುಗಿ ಅವನಿಗೆ ಮನಸ್ಸಿಗೆ ಬಂದಿದ್ದಳು. "ಅಣ್ಣಾ, ಈ ಸಲ ಅಂಗಡಿ ಸುದ್ದಿ ತಗೀಬ್ಯಾಡ," ಎಂದು ದಾರಿಯುದ್ದಕ್ಕೂ ಕೈಮುಗಿದ.

ನಾನು ಬಾಯಿ ಬಿಡಲಿಲ್ಲ. ಆದರೆ ಹಣ್ಣು, ಕುಬಸದ ಖಣ ತುಂಬಿಕೊಂಡು ಬಂದ ಚೀಲವನ್ನು ಹೆಂಡತಿ ಜಮಖಾನದ ನಡುವೆ ಇಟ್ಟಳು. ಎಲ್ಲರ ಕಡೆ ಗುರಿ ಮಾಡಿಕೊಂಡು ಜೋಡಿ ನಳಿಗೆ!

ಹುಡುಗಿಯ ಅಪ್ಪ ಚಹಾದ ಕಪ್ಪು ಕೆಳಗಿಟ್ಟ. ಸೋದರಮಾವ ಬಾಗಿಲ ಕಡೆ ಸರಿದ. ಮೂಲೆಯಲ್ಲಿದ್ದ ಹುಡುಗಿಯ ಅಜ್ಜಿಯೊಬ್ಬಳೇ ಮುಂದೆ ಬಂದು ಚೀಲ ಎತ್ತಿ, ಹೊಲಿಗೆ ಜಗ್ಗಿ ನೋಡಿದಳು.

"ಇದ್ಯಾರ ಕೊಟ್ರು?"

ಇನ್ನು ಮುಚ್ಚಿಟ್ಟು ಉಪಯೋಗವಿರಲಿಲ್ಲ. "ಬಂದೂಕಿನ ಕಂಪನ್ಯಾವ್ರು ರೀ. ನಮ್ದು ಅಂಗಡಿ ಐತಿ."

"ಪುಕ್ಕಟ ಕೊಟ್ರೇನು?"

"ಇಲ್ಲಬೇ, ರೊಕ್ಕ ಕೊಟ್ಟ ತೊಗೊಂಡೇವಿ."

ಅಜ್ಜಿ ಚೀಲ ಕೆಳಗಿಟ್ಟು ಮಗನ ಕಡೆ ತಿರುಗಿದಳು. "ಬಂದೂಕು ಮಾರ್ಲಿ, ತೋಪು ಮಾರ್ಲಿ, ನಂದೇನೂ ತಕರಾರಿಲ್ಲ. ಆದ್ರ ಮಂದಿ ಹೆಸರು ಹೊರಾಕ ತಾವ ರೊಕ್ಕ ಕೊಡಾವ್ರಿಗೆ ನಮ್ಮ ಹುಡುಗೀನ ಹೆಂಗ ಕೊಡೂದೋ?"

ಅಷ್ಟರಲ್ಲಿ, ನಾಕು ಮಂದಿಯ ಮುಂದೆ ಎಂದೂ ದನಿ ಎತ್ತದ ನನ್ನ ತಮ್ಮ ಎದ್ದು ನಿಂತ.

"ಅಜ್ಜಿ, ಕೊಟ್ಟಾಂವ ನಮ್ಮಣ್ಣ. ನಾ ಲಗ್ನ ಆದಕೂಡ್ಲೆ ಬ್ಯಾರೆ ಮನಿ ಮಾಡ್ತೇನಿ!"

ಅಲ್ಲೇ, ಆಗಲೇ ಲಗ್ನ ಗಟ್ಟಿಯಾಯಿತು. ಪರದೆಯ ಹಿಂದೆ ಹುಡುಗಿ ನಕ್ಕದ್ದು ಕೇಳಿಸಿತು. ಅವಳಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ: "ಮೈದುನಾ, ಬ್ಯಾರೆ ಮನ್ಯಾಗ ನಂಗೂ ಒಂದ ಖೋಲಿ ಇಡಪಾ!"